‘ಅವನಿಗೆ ಜ್ವರ’ ಎಂದು ಇನ್ನು ಹೇಳಬೇಡಿ

ನಮ್ಮಮ್ಮ ಸುಳ್ಳು ಹೇಳಿದ್ದು ಒಂದೇ ವಿಷಯಕ್ಕೆ. ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ‘ಅವನಿಗೆ ಜ್ವರ, ಮಲಗಿದ್ದಾನೆ’ ಅನ್ನುತ್ತಿದ್ದಳು. ನೆಂಟರ ಮದುವೆಗೆ ಅಣ್ಣ ಬರದಿದ್ದರೆ ‘ಕೆಲಸದ ಮೇಲೆ ಹಾಸನಕ್ಕೆ ಹೋಗಿದ್ದಾನೆ’. ಅಣ್ಣ ಒಳಗಿನ ಕೋಣೆಯಲ್ಲಿ ಕುಡಿದು ಬಿದ್ದಿರುತ್ತಿದ್ದ. ಅಮ್ಮ ಜಗಲಿಯಲ್ಲಿ ಬಂದವರಿಗೆ ಕಾಫಿ ಕೊಟ್ಟು ಮನೆ ಮರ್ಯಾದೆ ಕಾಯುತ್ತಿದ್ದಳು. 11 ವರ್ಷ ಹೀಗೇ ಕಳೆಯಿತು. ಇದನ್ನು ಓದುತ್ತಿರುವ ಎಷ್ಟೋ ಮನೆಗಳಲ್ಲಿ ಇವತ್ತೂ ಯಾರಿಗೋ ಅಂಥದೇ ‘ಜ್ವರ’ ಬಂದಿರುತ್ತದೆ. ಆ ಮನೆಯವರಲ್ಲಿ ಕೈಮುಗಿದು ಕೇಳುತ್ತಿದ್ದೇನೆ.

ಒಂದು ಯುಗಾದಿಯಂದು ಅಣ್ಣ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿ, ಅವತ್ತೇ ಕುಡಿತ ಬಿಟ್ಟ. ನಾವೆಲ್ಲ ಹಿಗ್ಗಿದೆವು. ಮಾರನೆಯ ದಿನ ಲೋಟ ಹಿಡಿಯಲಾರದಷ್ಟು ಅವನ ಕೈ ನಡುಗಿತು. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕಿರುಚಿದ. ಬೆವರಿನಲ್ಲಿ ತೊಯ್ದುಹೋಗಿದ್ದ. ಅಮ್ಮನ ಗುರುತೇ ಸಿಗಲಿಲ್ಲ. ಗಾಳಿ ಸೋಕಿದೆ ಎಂದು ಯಾರೋ ಅಂದರು, ತಾಯತ ಕಟ್ಟಿಸಿದೆವು. ಅವನನ್ನು ಹಿಡಿದುಕೊಳ್ಳಲು ನಾಲ್ಕು ಜನ ಬೇಕಾದಾಗಲಷ್ಟೇ ನಮಗೆ ಆಸ್ಪತ್ರೆಯ ನೆನಪಾದದ್ದು.

ವರ್ಷಗಟ್ಟಲೆ ದಿನವೂ ಕುಡಿದವರು ತಟ್ಟನೆ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ಹೀಗೆ ಭ್ರಮೆ ಕವಿಯಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್, ಒಂದಷ್ಟು ದಿನದ ನಿಗಾ ಇದ್ದರೆ ಸಾಮಾನ್ಯವಾಗಿ ದಾಟಿಸಬಹುದಾದ ಗಂಡಾಂತರ ಇದು. ಆದ್ದರಿಂದ ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕಬೇಡಿ. ಬಿಡುತ್ತೇನೆಂದು ಅವರು ಹೇಳಿದ ದಿನವೇ ವೈದ್ಯರ ಹತ್ತಿರ ಕರೆದೊಯ್ಯಿರಿ.

‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎನ್ನುವ ಗೋಡೆಬರಹಗಳನ್ನೂ ನಂಬಬೇಡಿ. ನಾವು ನಂಬಿದ್ದೆವು, ಸಾರಿನಲ್ಲಿ ಪುಡಿ ಬೆರೆಸಿದ್ದೆವು. ಅದರಲ್ಲಿ ಏನಿತ್ತೋ ಇವತ್ತಿಗೂ ತಿಳಿಯದು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಔಷಧವೊಂದಿದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾಯುವ ಅಪಾಯವೂ ಇದೆ. ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡಬೇಕಾದ ಔಷಧ ಅದು.

ಇನ್ನು ಮದುವೆ. ‘ಒಂದು ಹೆಣ್ಣು ಕಟ್ಟಿದರೆ ಸರಿಹೋಗುತ್ತಾನೆ’ ಎಂದು ಹಿರಿಯರು ಹೇಳಿದರು, ನಾವು ಕಟ್ಟಿದೆವು. ಹೆಣ್ಣಿನ ಕಡೆಯವರಿಗೆ ಏನನ್ನೂ ಹೇಳಲಿಲ್ಲ. ಎರಡೇ ವರ್ಷಕ್ಕೆ ‘ಹೆಂಡತಿ ಸರಿಯಿದ್ದಿದ್ದರೆ ಅವನ್ಯಾಕೆ ಕುಡೀತಿದ್ದ’ ಎಂಬ ಮಾತು ಅತ್ತಿಗೆಯ ಕಿವಿಗೆ ಬಿತ್ತು. ನಮ್ಮ ಮನೆ ಮಾಡಿದ ತಪ್ಪುಗಳಲ್ಲಿ ನಾನು ಕ್ಷಮಿಸಲಾರದ್ದು ಇದು. ಮಗ ಕುಡಿಯುತ್ತಿದ್ದರೆ ದಯವಿಟ್ಟು ಸಂಬಂಧ ಹುಡುಕುವುದನ್ನು ನಿಲ್ಲಿಸಿ.

ದಾರಿ ಕಂಡುಹಿಡಿದವಳೂ ಅತ್ತಿಗೆಯೇ. ಅಣ್ಣ ಆಸ್ಪತ್ರೆಗೆ ಬರಲೊಲ್ಲೆ ಎಂದಾಗ ತಾನೊಬ್ಬಳೇ ಹೋದಳು. ಕುಡಿಯುವವರು ಒಪ್ಪದಿದ್ದರೂ ಮನೆಯವರು ಹೋಗಿ ಸಲಹೆ ಕೇಳಬಹುದೆಂಬುದು ನಮಗೆ ಗೊತ್ತೇ ಇರಲಿಲ್ಲ. ಕುಡುಕರ ಮನೆಯವರಿಗಾಗಿಯೇ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲ್-ಅನಾನ್ ಕೂಟಗಳು ನಮ್ಮಲ್ಲೂ ನಡೆಯುತ್ತವೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಣ್ಣನ ಸಾಲ ತೀರಿಸಲಿಲ್ಲ, ಅವನ ಪರವಾಗಿ ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಅವನು ಕುಡಿಯದಿರುವ ಹೊತ್ತು ನೋಡಿ ಮೆತ್ತಗೆ ಮಾತಾಡುತ್ತಿದ್ದಳು. ಏಳು ತಿಂಗಳ ಮೇಲೆ ಅಣ್ಣ ತಾನೇ ಬಸ್ ಹತ್ತಿದ. ಆಮೇಲೂ ಎರಡು ಸಲ ಜಾರಿದ. ಮತ್ತೆ ಕುಡಿದ ಮಾತ್ರಕ್ಕೆ ಚಿಕಿತ್ಸೆ ಸೋತಿತು ಎಂದು ಕೈಬಿಡಬೇಡಿ. ಈ ಕಾಯಿಲೆಯ ರೀತಿಯೇ ಹಾಗೆ. ಆದರೆ ಹೊಡೆತವನ್ನು ಕಾಯಿಲೆ ಎಂದು ಸಹಿಸಿಕೊಳ್ಳಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಮಗ ಗಾಂಜಾಕ್ಕೋ ಮಾತ್ರೆಗೋ ಬಿದ್ದಿದ್ದರೆ ತಂದೆತಾಯಿಯರನ್ನು ಪೊಲೀಸರ ಭಯ ಕಾಡುತ್ತದೆ. ಸ್ವಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು 1985ರ ಮಾದಕ ವಸ್ತು ಕಾಯ್ದೆಯಲ್ಲೇ ಇದೆ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಲ್ಲಿ ಎಷ್ಟು ಮಂದಿ ನಮ್ಮಣ್ಣನಂತೆ ‘ಜ್ವರ’ ಬಂದು ಮಲಗಿದ್ದಾರೋ!

ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ ಆ ಮನೆಯ ಹೆಂಗಸನ್ನು ಕೆದಕಬೇಡಿ. ‘ನಾಳೆ ಆಸ್ಪತ್ರೆಗೆ ನಾನೂ ಬರುತ್ತೇನೆ’ ಎನ್ನಿ. ಆ ಮನೆ ನಿಮ್ಮದೇ ಆಗಿದ್ದರೆ ಈ ಎರಡು ನಂಬರ್ ಬರೆದಿಟ್ಟುಕೊಳ್ಳಿ: ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಇವತ್ತೇ ಮಾತಾಡಿ.