ಗೆಲ್ಲುವುದಿಲ್ಲವೆಂದು ತಿಳಿದೂ ಓಡುವವರು

ಜನವರಿ ತಿಂಗಳಿನ ಒಂದು ಭಾನುವಾರ, ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಮೊದಲ ಒಬ್ಬೆ ಇಡ್ಲಿ ಇಳಿಯುವ ಹೊತ್ತಿಗೆ, ಬೋರಿಬಂದರಿನ ಎದುರು ಸಾವಿರಾರು ಜನ ಎದೆಗೆ ನಂಬರಿನ ಚೀಟಿ ಸಿಕ್ಕಿಸಿಕೊಂಡು ನಿಂತಿರುತ್ತಾರೆ. 2004ರಲ್ಲಿ ಆರಂಭವಾದ ಮ್ಯಾರಥಾನ್ ಓಟವದು. ಮರೀನ್ ಡ್ರೈವ್ ಹಿಡಿದು, ಪೆಡ್ಡರ್ ರಸ್ತೆಯ ಏರು ಹತ್ತಿ, ಸಮುದ್ರದ ಮೇಲಿನ ಸೇತುವೆ ದಾಟಿ 42 ಕಿಲೋಮೀಟರ್ 195 ಮೀಟರ್ ಓಡಿ ಬಂದವರಲ್ಲಿ ಬಹುಮಾನದ ಹಣ ಕಾಣುವವರು ಬೆರಳೆಣಿಕೆಯ ಮಂದಿ. ಮಿಕ್ಕವರಿಗೆ ಒಂದು ಪದಕ, ಒಂದು ವಾರದ ಕಾಲುನೋವು. "ಇವರಿಗೇನು ಹುಚ್ಚು ಮಾರಾಯರೇ?" ಎಂದು ಗಲ್ಲದಲ್ಲಿ ಕುಳಿತವರು ಕೇಳುವುದುಂಟು. ದೀಪಾವಳಿ ಸಂಚಿಕೆಯ ಕಥಾಸ್ಪರ್ಧೆಗೆ ಬರೆದು ಕಳಿಸುವ ನಮ್ಮ ಹುಡುಗರನ್ನೂ ಇದೇ ಬಾಯಿಂದ ಇದೇ ಪ್ರಶ್ನೆ ಕೇಳುತ್ತಾರೆ. ಬಹುಮಾನ ಮೂರು, ಬರೆಯುವವರು ನೂರಾರು, ನಿನಗೆಲ್ಲಿಂದ ಬರಬೇಕು?

ಲೆಕ್ಕ ಸರಿಯೇ. ಆದರೆ ಲೆಕ್ಕ ಗೊತ್ತಿದ್ದೂ ಜನ ಬರುತ್ತಾರೆಂದ ಮೇಲೆ, ಅವರು ಬರುವುದು ಬಹುಮಾನಕ್ಕಲ್ಲವೆಂದಲ್ಲವೇ ಅರ್ಥ?

ಇದಕ್ಕೆ ಒಂದು ಪುರಾವೆಯಿದೆ. ಅಮೆರಿಕದ ಕೆಲವು ಅರ್ಥಶಾಸ್ತ್ರಜ್ಞರು ಒಂದು ಕೋಟಿಗೆ ಹತ್ತಿರದಷ್ಟು ಮ್ಯಾರಥಾನ್ ಓಟಗಳ ಸಮಯವನ್ನು ಕಲೆಹಾಕಿ 2017ರಲ್ಲಿ ಪ್ರಕಟಿಸಿದರು. ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಗುರಿ ಮುಟ್ಟಿದವರ ಗುಂಪು ದೊಡ್ಡದು. ನಾಲ್ಕು ಗಂಟೆ ದಾಟಿದ ಕೂಡಲೇ ಬಂದವರು ಕಡಿಮೆ. ಮೂರು ಗಂಟೆಯಲ್ಲಿಯೂ ಹಾಗೆಯೇ. ನಾಲ್ಕು ಗಂಟೆಯೊಳಗೆ ಬಂದವನಿಗೆ ಯಾರೂ ಬಿಡಿಕಾಸು ಕೊಡುವುದಿಲ್ಲ. ಆ ಗೆರೆಯನ್ನು ಎಳೆದವನು ಓಡುವವನೇ. ಸಾವಿರಾರು ಜನರ ನಡುವೆ ಓಡುತ್ತಿದ್ದರೂ ಅವನ ಪಂದ್ಯ ಅವನೊಡನೆಯೇ ನಡೆದಿರುತ್ತದೆ.

ಬರೆಯುವವನ ವಿಷಯ ತುಸು ಬೇರೆ. ಓಡುವುದಕ್ಕೆ ರಸ್ತೆಯಿದ್ದರೆ ಸಾಕು. ಬರೆಯುವವನಿಗೆ ಓದುವವನೊಬ್ಬ ಬೇಕು. ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆದು, ಮೇಜು ಒರೆಸಿ, ಅದೇ ಮೇಜಿನ ಮೇಲೆ ಹಾಸಿಗೆ ಬಿಡಿಸುವ ಹುಡುಗನನ್ನು ದಿನವಿಡೀ ಹತ್ತು ಜನ ಹತ್ತು ಬಗೆಯಲ್ಲಿ ಕರೆದಿರುತ್ತಾರೆ: ಮಾಣಿ, ಏ ಪೋರ, ಎರಡು ಚಹಾ, ನಾಲ್ಕನೆಯ ಟೇಬಲ್. "ನಿನಗೆ ಹೇಳಲಿಕ್ಕೇನಾದರೂ ಇದೆಯೇ?" ಎಂದು ಕೇಳಿದವರು ಒಬ್ಬರೂ ಇಲ್ಲ. ಕಥಾಸ್ಪರ್ಧೆಯ ಪ್ರಕಟಣೆಯೊಂದು ಮಾತ್ರ ಅದನ್ನು ಕೇಳುತ್ತದೆ. ಇಂಥ ತಾರೀಕಿನೊಳಗೆ ಕಳಿಸಿರಿ, ನಾವು ಓದುತ್ತೇವೆ ಎನ್ನುತ್ತದೆ. ಈ "ಇಂಥ ತಾರೀಕಿನೊಳಗೆ" ಎಂಬ ಮಾತಿಗೆ ಬಹುಮಾನದ ಮೊತ್ತಕ್ಕಿಂತ ಹೆಚ್ಚು ಬಲವಿದೆ ಎಂದು ನನ್ನ ಎಣಿಕೆ. ನಾಳೆ ಬರೆದರಾಯಿತು ಎಂದು ವರ್ಷಗಟ್ಟಲೆ ಮನಸ್ಸಿನಲ್ಲಿಯೇ ಉಳಿದ ಕಥೆ, ಕೊನೆಯ ದಿನಾಂಕದ ಹಿಂದಿನ ರಾತ್ರಿ ಕಾಗದಕ್ಕೆ ಇಳಿಯುತ್ತದೆ.

ಇನ್ನೊಂದು ಸಂಗತಿ. 1982ರ ದೊಡ್ಡ ಮುಷ್ಕರಕ್ಕೆ ಮೊದಲು, ಗಿರಣಗಾಂವಿನಲ್ಲಿ ಭೋಂಗಾ ಕೂಗುತ್ತಿದ್ದ ಕಾಲದಲ್ಲಿ, ಬದಲಿ ಕೆಲಸಕ್ಕಾಗಿ ಗೇಟಿನಲ್ಲಿ ಕಾದವನಿಗೆ ಹೆಸರು ಮುಖ್ಯವಲ್ಲ, ನಂಬರು ಮುಖ್ಯ. ಅಲ್ಲಿ ನಂಬರು ಮನುಷ್ಯನನ್ನು ಮರೆಮಾಡುತ್ತಿತ್ತು. ಓಟದಲ್ಲಿಯೂ ಕಥಾಸ್ಪರ್ಧೆಯಲ್ಲಿಯೂ ನಂಬರೇ ಇದೆ. ಆದರೆ ಕಥೆಗೆ ನಂಬರು ಹಾಕಿ ಹೆಸರು ತೆಗೆದಿಟ್ಟರೆ, ತೀರ್ಪುಗಾರರ ಮುಂದೆ ಪ್ರಾಧ್ಯಾಪಕನ ಹಾಳೆಯೂ ಕ್ಲೀನರನ ಹಾಳೆಯೂ ಒಂದೇ ಎತ್ತರದಲ್ಲಿ ಕುಳಿತುಕೊಳ್ಳುತ್ತವೆ. ಅಂಥ ಸಮಪಂಕ್ತಿ ನಮ್ಮವರಿಗೆ ಬೇರೆಲ್ಲಿ ಸಿಕ್ಕೀತು?

ಹಾಗೆಂದು ಎಲ್ಲರೂ ಉದಾತ್ತ ಧ್ಯೇಯದಿಂದಲೇ ಬರುತ್ತಾರೆಂದು ಹೇಳಲಾರೆ. ಹೆಸರು ಅಚ್ಚಾದ ಪುಟವನ್ನು ಊರಿಗೆ ಕಳಿಸಿ ಅತ್ತೆಯ ಮನೆಯವರ ಬಾಯಿ ಮುಚ್ಚಿಸಬೇಕೆಂದು ಬರೆಯುವವರಿದ್ದಾರೆ. ಬರೆಯಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಇನ್ನು ಮನಸ್ಸಿಲ್ಲದೆ ಬಂದವರೂ ಇದ್ದಾರೆ. ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ ಬಾಟಾ ಜೋಡಿನ ಕಾರ್ಖಾನೆಯ ಕೆಲಸಗಾರ. ಕಾರ್ಖಾನೆಯ ಕ್ರೀಡಾ ಶಿಕ್ಷಕ ಓಡೆಂದಾಗ, ನನಗೆ ಶಕ್ತಿಯಿಲ್ಲವೆಂದು ತಪ್ಪಿಸಿಕೊಳ್ಳಲು ನೋಡಿದನಂತೆ. ವೈದ್ಯರು ಪರೀಕ್ಷಿಸಿ ಸರಿಯಾಗಿಯೇ ಇದ್ದೀಯೆ ಎಂದರು. ಓಡಿದ, ನೂರು ಜನರಲ್ಲಿ ಎರಡನೆಯವನಾಗಿ ಬಂದ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದವನು ಇವನೇ. ಮೊದಲ ಓಟಕ್ಕೆ ತಳ್ಳಿದವರು ಬೇರೆಯವರು, ಆಮೇಲಿನ ಓಟಗಳು ಮಾತ್ರ ಅವನವೇ.

ನಮ್ಮ ಸೀಮೆಯವನ ಹೆಸರನ್ನೂ ಇಲ್ಲಿ ಹೇಳಬೇಕು. ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡಾಕೂಟದಲ್ಲಿ ರೈತರು ಬರಿಗಾಲಿನಲ್ಲಿ ಓಡುವುದನ್ನು ಕಂಡು, ಇವರು ಯುರೋಪಿನವರಿಗೆ ಕಡಿಮೆಯಲ್ಲವೆಂದು ದೊರಾಬ್ಜಿ ಟಾಟಾ ಅವರಿಗೆ ಅನಿಸಿತು. 1920ರಲ್ಲಿ ಆಂಟ್ವರ್ಪಿಗೆ ಹೋದ ಭಾರತದ ತಂಡದಲ್ಲಿ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದ. ಮ್ಯಾರಥಾನಿನಲ್ಲಿ 19ನೆಯವನಾಗಿ ಗುರಿ ಮುಟ್ಟಿದ. ಪದಕ ಬರಲಿಲ್ಲ. ಆದರೆ ಜಗತ್ತಿನ ಓಟಗಾರರ ನಡುವೆ ತಾನೆಷ್ಟನೆಯವನೆಂಬುದು ತಿಳಿಯಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. "ಜನ ಹಣಕ್ಕಾಗಿ ಬರುವುದಿಲ್ಲ, ಪ್ರೀತಿಗಾಗಿ ಬರುತ್ತಾರೆ" ಎಂಬ ಮಾತನ್ನು ಅತ್ಯಂತ ಸಂತೋಷದಿಂದ ಕೇಳುವವರು, ಹಣ ಕೊಡಬೇಕಾದವರು! ಕ್ರೀಡೆಯ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಇಂಗ್ಲೆಂಡಿನ ಹೆನ್ಲಿಯ ದೋಣಿ ಪಂದ್ಯದವರು 1879ರಲ್ಲಿ ಒಂದು ನಿಯಮ ಮಾಡಿದರು: ಕೂಲಿಗಾಗಿ ದುಡಿಯುವ ಕುಶಲಕರ್ಮಿಯಾಗಲಿ ಕಾರ್ಮಿಕನಾಗಲಿ ಹವ್ಯಾಸಿ ಎನಿಸಿಕೊಳ್ಳಲಾರ. ಅಂದರೆ ಪ್ರೀತಿಯಿಂದ ಆಡುವ ಹಕ್ಕು ದುಡಿಯದವನಿಗೆ ಮಾತ್ರ! ಫಿನ್ಲೆಂಡಿನ ಪಾವೊ ನುರ್ಮಿ ಹುಡುಗನಾಗಿದ್ದಾಗ ಬೇಕರಿಯೊಂದರ ಗಾಡಿ ತಳ್ಳಿ ಹೊಟ್ಟೆ ಹೊರೆದವನು. ಒಲಿಂಪಿಕ್ಸಿನಲ್ಲಿ ಒಂಬತ್ತು ಚಿನ್ನ ಗೆದ್ದ ಅವನನ್ನೇ 1932ರಲ್ಲಿ, ಓಟದಿಂದ ಹಣ ಪಡೆದನೆಂದು ಹೊರಗಿಟ್ಟರು. ಅವನ ಓಟ ನೋಡಲು ಟಿಕೆಟು ಮಾರಿದವರಿಗೆ ಆ ಹಣ ಅಪವಿತ್ರವಾಗಿರಲಿಲ್ಲ.

ಇಂದು ನಮ್ಮ ಸುತ್ತ ನಡೆಯುವುದೂ ಇದಕ್ಕಿಂತ ಬಹಳ ದೂರವಿಲ್ಲ. ಓಟದ ಪ್ರವೇಶಶುಲ್ಕ ಕ್ಲೀನರ್ ಹುಡುಗನ ಕೆಲವು ದಿನಗಳ ದುಡಿಮೆ. ಕಥೆ ಕಳಿಸಲೂ ಶುಲ್ಕ ಕೇಳುವವರಿದ್ದಾರೆ. ಬಂದ ಕಥೆಗಳ ಹಕ್ಕೆಲ್ಲ ತಮ್ಮದೆಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುವವರೂ ಇದ್ದಾರೆ. ಬರೆಯುವವನ ಆಸೆಯನ್ನೇ ಬಂಡವಾಳ ಮಾಡಿಕೊಂಡ ಇಂಥ ವ್ಯಾಪಾರಕ್ಕೆ ಸಾಹಿತ್ಯಸೇವೆಯೆಂಬ ಹೆಸರು ಏಕೆ?

ಹಾಗಾದರೆ ಬಹುಮಾನದ ಮೊತ್ತ ಹೆಚ್ಚಿಸಿ ದೊಡ್ಡ ಅಕ್ಷರದಲ್ಲಿ ಸಾರಿದರೆ ಸಾಕೇ ಎಂದು ಕೇಳಬಹುದು. ಅದೂ ಅಷ್ಟು ಸುಲಭವಲ್ಲ. 1985ರಲ್ಲಿ ತೆರೇಸಾ ಅಮಾಬಿಲೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 72 ಮಂದಿ ಬರೆಹಗಾರರನ್ನು ಕೂಡಿಸಿ ಒಂದು ಪ್ರಯೋಗ ಮಾಡಿದರು. ಪದ್ಯ ಬರೆಯುವ ಮೊದಲು ಕೆಲವರು ಹಣ, ಕೀರ್ತಿ ಮೊದಲಾದ ಕಾರಣಗಳನ್ನು ನೆನೆಯುವಂತೆ ಮಾಡಲಾಯಿತು. ಹಾಗೆ ನೆನೆದವರ ಪದ್ಯಗಳು ಮಿಕ್ಕವರ ಪದ್ಯಗಳಿಗಿಂತ ಸಪ್ಪೆಯಾದುವು. ಕಣ್ಣ ಮುಂದೆ ತೂಗುಹಾಕಿದ ಬಹುಮಾನ ಲೇಖನಿಯ ಕೈ ಹಿಡಿಯುತ್ತದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ಸಂಕಲನದಲ್ಲಿರುವುದು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದ 12 ಕಥೆಗಳು. ಲಂಡನ್ನಿನ ಬಹುಮಾನವನ್ನು ಕಣ್ಣೆದುರಿಟ್ಟುಕೊಂಡು ಯಾರೂ ಹಾಸನದಲ್ಲಿ ಕುಳಿತು ಮೂವತ್ತು ವರ್ಷ ಕನ್ನಡದಲ್ಲಿ ಬರೆಯುವುದಿಲ್ಲ. ಆದರೆ ಬಂದ 50,000 ಪೌಂಡುಗಳಲ್ಲಿ ಅನುವಾದಕಿ ದೀಪಾ ಭಾಸ್ತಿಯವರಿಗೂ ಸರಿಪಾಲು ದೊರೆಯಿತು. ದುಡಿಮೆಗೆ ದುಡ್ಡು ಸಂದಿತು. ಕಥೆ ಹಣಕ್ಕಾಗಿ ಹುಟ್ಟದಿದ್ದರೂ ಅಚ್ಚಾದ ಕಥೆಗೆ ಹಣ ಕೊಡುವುದು ನ್ಯಾಯ.

ಆದುದರಿಂದ ನಮ್ಮ ಸಂಘಗಳಲ್ಲಿ ಸ್ಪರ್ಧೆ ನಡೆಸುವ ಮಹನೀಯರಲ್ಲಿ ಒಂದು ವಿನಂತಿ. ದೊಡ್ಡ ಮೊತ್ತವನ್ನು ಒಬ್ಬನಿಗೇ ಕೊಟ್ಟು ಸಭೆಯಲ್ಲಿ ಶಾಲು ಹೊದಿಸುವುದಕ್ಕಿಂತ, ಅಚ್ಚಿಗೆ ಯೋಗ್ಯವಾದ ಪ್ರತಿಯೊಂದು ಕಥೆಗೂ ಸಣ್ಣದಾದರೂ ಸಂಭಾವನೆ ಕೊಡಿರಿ. ಬಹುಮಾನ ಬಾರದವನಿಗೆ ತೀರ್ಪುಗಾರರ ಎರಡು ಸಾಲಿನ ಅಭಿಪ್ರಾಯ ತಲುಪಲಿ: ಎಲ್ಲಿ ಚೆನ್ನಾಗಿದೆ, ಎಲ್ಲಿ ಎಡವಿದ್ದೀಯೆ. ಓಡಿದವನಿಗೆ ಗಡಿಯಾರ ಹೇಳುವುದನ್ನು ಬರೆದವನಿಗೆ ಯಾರಾದರೂ ಹೇಳಲೇಬೇಕಷ್ಟೆ. ಹೋಟೆಲಿನ ಧಣಿಗಳೂ ಓಟಕ್ಕೆ ಹೆಸರು ಕೊಟ್ಟ ಹುಡುಗನಿಗೆ ಆ ಒಂದು ಭಾನುವಾರ ಬಿಡುವು ಕೊಡಲಿ, ಸಂಬಳ ಕಡಿಯದೆ.

ಮತ್ತೆ, ಕೊನೆಯ ದಿನಾಂಕವನ್ನು ದಯವಿಟ್ಟು ಗಣಪತಿ ಹಬ್ಬದ ವಾರಕ್ಕೆ ಇಡಬೇಡಿರಿ. ಆ ವಾರ ಹೋಟೆಲಿನವನಿಗೆ ಪೆನ್ನು ಹಿಡಿಯಲು ಕೈ ಒಣಗಿರುವುದಿಲ್ಲ.