ನೆರೆ ಇಳಿದ ಮೇಲೆ ಅಂಗಡಿ ತೆರೆಯಬೇಕಾದರೆ

ಪುತ್ತಿಗೆಯ ನಮಗೆ ನೇತ್ರಾವತಿ ದೂರ. ಹಾಗೆಂದು ನೆರೆ ನಮ್ಮನ್ನು ಮುಟ್ಟದು ಎನ್ನುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಬಂಟ್ವಾಳ ಪೇಟೆಗೆ ನೀರು ನುಗ್ಗಿತು. ಬೆಳ್ತಂಗಡಿ ತಾಲೂಕಿನಲ್ಲಿ ಮನೆ, ತೋಟಗಳು ಹಾಳಾದವು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಹಿಂದಿನ ವರ್ಷ ಶಿರಾಡಿಯೂ ಮುಚ್ಚಿತ್ತು. ಘಟ್ಟದ ಮೇಲಿನ ಸರಕು ಬಾರದಿದ್ದರೆ ನೀರು ಕಾಣದ ಅಂಗಡಿಯೂ ಬರಿದಾಗುತ್ತದೆ.

ಬಂಟ್ವಾಳ 1923ರಲ್ಲೂ 1974ರಲ್ಲೂ ಮಹಾ ನೆರೆ ಕಂಡ ಊರು. ಆದ್ದರಿಂದ ಇದು ಎಣಿಸದೆ ಬಂದ ಕಷ್ಟವಲ್ಲ.

ನಷ್ಟವಾಗುವುದು ಸರಕು ಮಾತ್ರವಲ್ಲ. ಲೆಕ್ಕದ ಪುಸ್ತಕ ಒದ್ದೆಯಾದರೆ ಬರಬೇಕಾದ ಬಾಕಿಗೆ ಆಧಾರವಿಲ್ಲ. ಹದಿನೈದು ದಿನ ಬಾಗಿಲು ಮುಚ್ಚಿದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ, ಕೆಲಸದವರಿಗೆ ಸಂಬಳವಿಲ್ಲ.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ವಿಮೆ 5 ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ಯಮಗಳಿಗೆ ಇದೆ. ನೆರೆ, ಭೂಕುಸಿತ ಎರಡೂ ಅದರಲ್ಲಿ ಸೇರಿವೆ. ಆದರೆ ಅದು ಆಸ್ತಿಯ ಹಾನಿಗೆ. ವ್ಯಾಪಾರ ನಿಂತ ದಿನಗಳ ಗಳಿಕೆಗಲ್ಲ. ಆ ದಿನಗಳಿಗೆಂದು ಒಂದು ತಿಂಗಳ ಸಂಬಳ, ಬಾಡಿಗೆಯಷ್ಟು ಹಣ ಬೇರೆಯೇ ಇರಬೇಕು.

ಉಳಿದ ಸಿದ್ಧತೆಗೆ ಹೆಚ್ಚು ಖರ್ಚಿಲ್ಲ. ಲೆಕ್ಕ, ಪರವಾನಗಿ, ವಿಮೆಯ ಕಾಗದಗಳ ಪ್ರತಿಯನ್ನು ಎತ್ತರದ ಜಾಗದ ಬಂಧುಗಳ ಮನೆಯಲ್ಲಿಡೋಣ. ಸರಕನ್ನು ಅಟ್ಟಕ್ಕೇರಿಸಲು ಯಾರು ಬರಬೇಕೆಂದು ಮೊದಲೇ ನಿಶ್ಚಯಿಸೋಣ. ಬೇರೆ ದಾರಿಯಿಂದ ಸರಕು ಕಳುಹಿಸಬಲ್ಲ ಇನ್ನೊಬ್ಬ ವ್ಯಾಪಾರಿಯ ಪರಿಚಯ ಮಾಡಿಕೊಳ್ಳೋಣ.

ಪರಿಹಾರದ ಅಕ್ಕಿ ಹಂಚಲು ನಾವು ಹಿಂದೆ ಬಿದ್ದವರಲ್ಲ. ಈ ವರ್ಷ ಮಳೆಗೆ ಮೊದಲೇ ವಾಳೆಯ ಗುರಿಕಾರರು ತಮ್ಮ ವಾಳೆಯ ಅಂಗಡಿಯವರನ್ನು ಒಮ್ಮೆ ಕೂರಿಸಿ ಮಾತನಾಡಲಿ. ಅಂಗಡಿ ಬೇಗ ತೆರೆದರೆ ಅಕ್ಕಿ ಹಂಚಬೇಕಾದ ಮನೆಗಳೂ ಕಡಿಮೆಯಾಗುತ್ತವೆ.