ನೋಡಿದ್ದಕ್ಕೂ ಕೂಲಿ ಕೊಡಿ

ಹಳೇ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ನಮ್ಮ ಕಡೆ ಎರಡೇ ತೀರ್ಪು. ಒಂದು, ‘ಬ್ಯಾಟರಿ ಹೋಗೇತಿ, ಹೊಸದು ಹಾಕ್ಸು.’ ಇನ್ನೊಂದು, ‘ಗಾಡಿಗೆ ವಯಸ್ಸಾತು, ಮಾರಿಬಿಡು.’ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತೆ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ತೆಲಿಗಿಯಿಂದ ಹರಪನಹಳ್ಳಿವರೆಗೆ, ಅತ್ತ ಕೊಟ್ಟೂರು, ಹಡಗಲಿವರೆಗೆ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ನಮ್ಮ ತಾಲ್ಲೂಕಿನವರಿಗಂತೂ ಇದು ಬೇಗ ಅರ್ಥ ಆಗಬೇಕು. ಬಳ್ಳಾರಿಯಲ್ಲಿದ್ದ ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, ಆಮೇಲೆ ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಅಂದರು. ಬೋರ್ಡು ಬದಲಾದ ಮಾತ್ರಕ್ಕೆ ಊರಿನ ರಿಪೇರಿ ಆಗಲಿಲ್ಲ. ಬ್ಯಾಟರಿ ಬದಲಾದ ಮಾತ್ರಕ್ಕೆ ಗಾಡಿಯದೂ ಆಗಲ್ಲ.

‘ಹಾರನ್ ಹೊಡಿತೈತಿ, ಲೈಟ್ ಉರೀತೈತಿ, ಸೆಲ್ಫ್ ಮಾತ್ರ ಟಕ್ ಅಂದು ಸುಮ್ನಾಗ್ತೈತಿ.’ ಈ ದೂರು ಎಲ್ಲರೂ ಕೇಳಿದ್ದೇ. ಇದರ ಲೆಕ್ಕ ಹೈಸ್ಕೂಲಿನ ಓಮ್ ನಿಯಮಕ್ಕಿಂತ ದೊಡ್ಡದೇನಲ್ಲ. ಎಂಜಿನ್ ತಿರುಗಿಸುವಾಗ ಸೆಲ್ಫ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತೆ. 200 ಅಂತ ಹಿಡಿಯಿರಿ. ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಹುಟ್ಟಿದರೂ 2 ವೋಲ್ಟ್ ಅಲ್ಲೇ ಖಲಾಸ್. ಅದೇ ದಾರಿಯಲ್ಲಿ ಹಾರನ್ 5 ಆಂಪಿಯರ್ ಎಳೆದರೆ ನಷ್ಟ ಬರೀ 0.05 ವೋಲ್ಟ್. ಅದಕ್ಕೇ ಹಾರನ್ ಕೂಗುತ್ತೆ, ಸೆಲ್ಫ್ ಕೂಗಲ್ಲ.

ಆ ತಡೆ ಹಳೇ ಟ್ರ್ಯಾಕ್ಟರು, ಜೀಪುಗಳಲ್ಲಿ ಬಹಳ ಸಲ ಇರೋದು ಎರಡು ಕಡೆ: ಬಿಳಿ-ಹಸಿರು ಪುಡಿ ಕಟ್ಟಿದ ಬ್ಯಾಟರಿ ಟರ್ಮಿನಲ್‌ನಲ್ಲಿ, ಇಲ್ಲವೇ ಚಾಸಿಗೂ ಎಂಜಿನ್ನಿಗೂ ಬಿಗಿದ ಅರ್ತ್ ವೈರಿನ ಬೋಲ್ಟಿನಲ್ಲಿ. ಕೆಸರು, ಗೊಬ್ಬರ, ಮೇಲೆ ಹೊಡೆದ ಪೇಂಟು, ಎಲ್ಲ ಆ ಬೋಲ್ಟಿನ ಕೆಳಗೇ ಸೇರಿರುತ್ತೆ. ಹೊಸ ಬ್ಯಾಟರಿ ಹಾಕಿದರೆ ಅದರ ಬಲಕ್ಕೆ ನಾಲ್ಕು ದಿನ ಎಂಜಿನ್ ತಿರುಗಬಹುದು. ತುಕ್ಕು ಅಲ್ಲೇ ಇರುತ್ತೆ, ಐದನೇ ದಿನ ಮತ್ತೆ ಟಕ್.

ಹುಡುಕೋದು ಕಷ್ಟವೇನಲ್ಲ. ಒಂದು ಮಲ್ಟಿಮೀಟರ್, ಕೀ ತಿರುಗಿಸೋಕೆ ಸೀಟಿನ ಮೇಲೆ ಒಬ್ಬರು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಬೇಕು. ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಿದರೆ ಪೂರ್ತಿ ಚಾರ್ಜ್ ಆಗಿದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ತೀರ್ಪು ಆಮೇಲೆ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಮೇಲೆ, ಕೆಂಪು ಕಡ್ಡಿ ಎಂಜಿನ್ನಿನ ಕೆರೆದ ಕಬ್ಬಿಣದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅರ್ತಿನಲ್ಲಿದ್ದಾನೆ. ಪಾಸಿಟಿವ್ ಸೀಸದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಹೀಗೇ ನೋಡಿ. ಸದ್ದೇ ಇಲ್ಲವಾದರೆ ಸೊಲೆನಾಯ್ಡಿನ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕೀ ತಿರುಗಿಸಿದಾಗ ಅದು ಉರಿಯದಿದ್ದರೆ ಕೀ ಸ್ವಿಚ್ಚು, ಫ್ಯೂಸು, ಕ್ಲಚ್ಚಿನ ಸೇಫ್ಟಿ ಸ್ವಿಚ್ಚು ನೋಡಬೇಕು. ಇಷ್ಟೆಲ್ಲ ಸರಿ ಇದ್ದು, ತುಂಬಿದ ಬ್ಯಾಟರಿಯೇ ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಬಿದ್ದರೆ, ಆಗ ಬ್ಯಾಟರಿ ಮೇಲೆ ಅನುಮಾನ ಪಡಿ.

ಇದನ್ನು ಬಿಟ್ಟು ನಮ್ಮೋರು ಮಾಡೋದೇನು? ನೆಲದ ಮೇಲೆ ನಿಂತು ಸೆಲ್ಫಿಗೆ ಸ್ಪ್ಯಾನರ್ ತಾಗಿಸಿ ಕಿಡಿ ಹಾರಿಸೋದು. ಹಾಗೆ ಮಾಡಿದಾಗ ಕ್ಲಚ್ಚಿನ ಸೇಫ್ಟಿ ಸ್ವಿಚ್ಚಿಗೆ ಬೆಲೆಯೇ ಇರಲ್ಲ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ ಮುಂದೆ ನಿಂತವನ ಮೇಲೇ ಹತ್ತುತ್ತೆ. ಹೀಗೆ ಜೀವ ಹೋಗಿದ್ದುಂಟು. ಇದನ್ನು ಜಾಣತನ ಅಂತ ಯಾರೂ ಹೇಳಬೇಡಿ.

ಇನ್ನು ಮೆಕ್ಯಾನಿಕ್‌ಗಳನ್ನು ಬೈಯೋದು ಸುಲಭ. ಆದರೆ ನನ್ನ ಸಿಟ್ಟು ಅವರಿಗಿಂತ ಜಾಸ್ತಿ ಗಾಡಿ ಮಾಲೀಕರ ಮೇಲೆ. ಅರ್ಧ ಗಂಟೆ ಗಾಡಿ ಕೆಳಗೆ ಮಲಗಿ, ಅರ್ತ್ ಬೋಲ್ಟ್ ಹುಡುಕಿ, ಕೆರೆದು ಬಿಗಿ ಮಾಡಿದವನು ಮುನ್ನೂರು ಕೇಳಿದರೆ, ‘ಒಂದು ಬೋಲ್ಟ್ ತಿರುವಿದ್ದಕ್ಕೆ ಮುನ್ನೂರಾ?’ ಅಂತ ಜಗಳ. ಅದೇ ಮನುಷ್ಯ ಬ್ಯಾಟರಿಗೆ ಸಾವಿರಗಟ್ಟಲೆ ನಗನಗುತ್ತಾ ಎಣಿಸಿ ಕೊಡುತ್ತಾನೆ. ಯಾಕಂದರೆ ಬ್ಯಾಟರಿ ಕಣ್ಣಿಗೆ ಕಾಣುತ್ತೆ, ಹುಡುಕಿದ ಬುದ್ಧಿ ಕಾಣಲ್ಲ. ಸಾಮಾನಿಗೆ ಮಾತ್ರ ದುಡ್ಡು ಕೊಡೋ ಊರಲ್ಲಿ ಮೆಕ್ಯಾನಿಕ್ ಸಾಮಾನು ಮಾರೋದನ್ನೇ ಕಲಿಯುತ್ತಾನೆ. ಅವನಿಗೂ ಮನೆ ನಡೀಬೇಕಲ್ಲ.

ಇದರ ನಷ್ಟ ಬರೀ ಬ್ಯಾಟರಿ ದುಡ್ಡಲ್ಲ. ಮುಂಗಾರಿನ ಮಳೆ ಬಿದ್ದು ಹದ ಇರೋದು ಎರಡು-ಮೂರು ದಿನ. ಆಗಲೇ ಮೆಕ್ಕೆಜೋಳ ಬಿತ್ತಬೇಕು. ಟ್ರ್ಯಾಕ್ಟರ್ ಟಕ್ ಅಂತ ನಿಂತರೆ ಹದ ಕಾಯಲ್ಲ, ಬಾಡಿಗೆ ಟ್ರ್ಯಾಕ್ಟರಿನವನೂ ಕಾಯಲ್ಲ. ಕೊನೆಗೆ ‘ಹಳೇದು ಸಾಕಪ್ಪ’ ಅಂತ ಗಟ್ಟಿ ಎಂಜಿನ್ನನ್ನು ಗುಜರಿ ರೇಟಿಗೆ ಕೊಟ್ಟು, ಹೊಸದಕ್ಕೆ ಸಾಲದ ಕಂತು ಕಟ್ಟುತ್ತಾ ಕೂರೋದು. ತಪ್ಪು ಒಂದು ಬೋಲ್ಟಿನದು, ದಂಡ ಇಡೀ ಮನೆಗೆ.

ಆದ್ದರಿಂದ ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮೊದಲ ಮಾತು ಹೀಗಿರಲಿ: ‘ಅಣ್ಣ, ಮೊದ್ಲು ಮೀಟರ್ ಹಿಡ್ದು ನೋಡು. ನೋಡಿದ್ದಕ್ಕೆ ಏನು ಕೂಲಿ ಹೇಳು, ಕೊಡ್ತೀನಿ. ಸಾಮಾನಿನ ಮಾತು ಆಮ್ಯಾಲೆ.’ ‘ನೋಡೋದೇನೈತಿ, ಬ್ಯಾಟರಿನೇ’ ಅಂದರೆ, ಕೀ ತಗೊಂಡು ಪಕ್ಕದ ಗ್ಯಾರೇಜಿಗೆ ನಡೀರಿ.